ಬದರಿ ಯಾತ್ರೆ ನಡುವೆ ನಿಂತರೆ ದೋಷವೇ?

ಪ್ರಶ್ನೆ: ಬದರಿಗೆ ಸಂಕಲ್ಪವಾಗಿದೆ. ಯಜಮಾನರಿಗೆ ಉಬ್ಬಸ. ದಾರಿಯಲ್ಲೇ ಹಿಂತಿರುಗಬೇಕಾಗಿ ಬಂದರೆ ದೋಷವೇ? – ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ಶ್ರೀಮಧ್ವಾಚಾರ್ಯರ ಚರಿತ್ರೆ ನೋಡಿ. ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿ, ಎಳೆಯ ವಯಸ್ಸಿಗೇ ಅಚ್ಯುತಪ್ರೇಕ್ಷರಿಂದ ಸನ್ಯಾಸ ಪಡೆದವರು. ಗೀತಾಭಾಷ್ಯ ರಚಿಸಿ ಶಿಷ್ಯರೊಡನೆ ಬದರಿ ಸೇರಿದರು. ಅಲ್ಲಿ 48 ದಿನ ಉಪವಾಸ, ಕಾಷ್ಠಮೌನ. ಆಮೇಲೆ ವ್ಯಾಸರ ದರ್ಶನಕ್ಕೆಂದು ಉತ್ತರಬದರಿಗೆ ಒಬ್ಬರೇ ಹೊರಟರು. ಶಿಷ್ಯ ಸತ್ಯತೀರ್ಥರು ಅಗಲಿಕೆ ತಾಳಲಾರದೆ ಹಿಂದೆ ಓಡಿದರು. ಗುರುಗಳು ಬಂಡೆಯಿಂದ ಬಂಡೆಗೆ ನೆಗೆಯುತ್ತಾ ಹೋಗ್ತಿದ್ದರೆ ಇವರಿಗೆ ಹತ್ತಲಾಗಲಿಲ್ಲ. ಆಚಾರ್ಯರು ಕೈಬೀಸಿ ಅವರನ್ನು ವಾಪಸು ಕಳಿಸಿದರೆಂದು ಸುಮಧ್ವವಿಜಯ ಹೇಳುತ್ತದೆ. ಅದು ದೋಷವಾಯಿತೇ? ಆಚಾರ್ಯರು ಇಳಿದು ಬಂದು ಬ್ರಹ್ಮಸೂತ್ರಭಾಷ್ಯ ಹೇಳಿದಾಗ ಬರೆದುಕೊಂಡವರು ಇದೇ ಸತ್ಯತೀರ್ಥರು!

ಮುಂದೆ ಆಚಾರ್ಯರು ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠಾಪಿಸಿದರು, ಬದರಿಗೆ ಇನ್ನೊಮ್ಮೆ ಹೋಗಿಬಂದರು. ಕೊನೆಗೆ ಮಾಘ ಶುದ್ಧ ನವಮಿಯಂದು ಅದೃಶ್ಯರಾಗಿ ಬದರಿಗೇ ತೆರಳಿದರೆಂಬುದು ಭಕ್ತರ ನಂಬಿಕೆ.

ಈಗ ಬದರಿ ಗುಡಿಯ ಹತ್ತಿರದವರೆಗೂ ರಸ್ತೆಯಿದೆ. ಆದರೆ ಎತ್ತರ ಸುಮಾರು 10,000 ಅಡಿ. ಉಬ್ಬಸದವರು ವೈದ್ಯರನ್ನು ಕೇಳದೆ ಹೊರಡಲೇಬಾರದು. ಜೋಶಿಮಠದಲ್ಲಿ ಒಂದು ರಾತ್ರಿ ತಂಗಿ. ಉಸಿರು ಕಟ್ಟಿದರೆ ಹಠ ಬೇಡ. ಅಲ್ಲಿಯ ನರಸಿಂಹನ ಸನ್ನಿಧಿಯಲ್ಲೇ ಸಂಕಲ್ಪ ಸಮರ್ಪಿಸಿ ಇಳಿದು ಬನ್ನಿ.