ರೈಫಲ್ ಮೇಲಿನ 'ಕೆಂಪು ಚುಕ್ಕೆ'ಯ ಹಿಂದೆ ಟೆಲಿಸ್ಕೋಪ್ ತಯಾರಕ! ಯಾರು ಈ ಹೋವರ್ಡ್ ಗ್ರಬ್?

ಸೈನಿಕರ ರೈಫಲ್‌ಗಳಲ್ಲಿ ಕಾಣುವ 'ರೆಡ್ ಡಾಟ್ ಸೈಟ್‌'ನ ಮೂಲ ಕಲ್ಪನೆ 1900ರದ್ದು. ಅದನ್ನು ರೂಪಿಸಿದವರು ಐರ್ಲೆಂಡ್‌ನ ಟೆಲಿಸ್ಕೋಪ್ ತಯಾರಕ ಸರ್ ಹೋವರ್ಡ್ ಗ್ರಬ್.

1844ರಲ್ಲಿ ಡಬ್ಲಿನ್‌ನಲ್ಲಿ ಜನಿಸಿದ ಗ್ರಬ್, ತಂದೆ ಥಾಮಸ್ ಅವರ ಕಾರ್ಖಾನೆಯಲ್ಲೇ ಕೆಲಸ ಕಲಿತರು. ವಿಯೆನ್ನಾಕ್ಕೆ 27 ಇಂಚಿನ ಟೆಲಿಸ್ಕೋಪ್ ಮಾಡಿಕೊಟ್ಟು ಹೆಸರಾದರು. ಠಾಣೆ, ಕಲ್ಯಾಣ್ ಕನ್ನಡಿಗರಿಗೆ ಹತ್ತಿರದ ಪುಣೆಗೂ ಅವರ 20 ಇಂಚಿನ ಟೆಲಿಸ್ಕೋಪ್ ಬಂದಿತ್ತು. 1912ರಲ್ಲಿ ಅದು ಕೊಡೈಕೆನಾಲ್‌ ಸೇರಿತು. ಆ ವೀಕ್ಷಣಾಲಯ ಈಗ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಅಧೀನದಲ್ಲಿದೆ.

ಹಳೆಯ ಬಂದೂಕಿನಲ್ಲಿ ಹಿಂದಿನ ಸೈಟ್, ಮುಂದಿನ ಸೈಟ್, ಗುರಿ ಮೂರೂ ಒಂದೇ ಸಾಲಿಗೆ ಬರಬೇಕು. ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಒಮ್ಮೆಗೆ ಒಂದೇ. ಗ್ರಬ್ ಬೆಳಕಿನ ಮೊರೆ ಹೋದರು. ಸಣ್ಣ ಗುರುತನ್ನು ಮಸೂರದ ನಾಭಿಯಲ್ಲಿಟ್ಟರೆ ಅದರ ಕಿರಣಗಳು ಸಮಾನಾಂತರವಾಗಿ ಹೊರಬರುತ್ತವೆ. ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಸೇರಿದಾಗ ಗುರುತು ದೂರದ ಗುರಿಯ ಮೇಲೆಯೇ ತೇಲಿದಂತೆ ಕಾಣುತ್ತದೆ. ತಲೆ ತುಸು ಆಚೀಚೆಯಾದರೂ ಗುರಿ ತಪ್ಪದು. ಈಗಿನ ಸೈಟ್‌ಗಳಲ್ಲಿ ಎಲ್‌ಇಡಿ ಬೆಳಕು, ಕೆಂಪನ್ನು ಪ್ರತಿಫಲಿಸುವ ಲೇಪನದ ಗಾಜು ಇರುತ್ತವೆ. ಸಿನಿಮಾಗಳಲ್ಲಿ ಎದೆಯ ಮೇಲೆ ಬೀಳುವ ಕೆಂಪು ಚುಕ್ಕೆ ಇದಲ್ಲ, ಅದು ಲೇಸರ್. ಈ ಚುಕ್ಕೆ ಕಾಣುವುದು ಗುರಿ ಇಡುವವರಿಗೆ ಮಾತ್ರ.

ಮೊದಲ ಮಹಾಯುದ್ಧದಲ್ಲಿ ಗ್ರಬ್ ಬ್ರಿಟಿಷ್ ಜಲಾಂತರ್ಗಾಮಿಗಳಿಗೆ ಪೆರಿಸ್ಕೋಪ್ ತಯಾರಿಸುತ್ತಿದ್ದರು. ವಿಪರ್ಯಾಸವೆಂದರೆ, ಅವರದೇ ತತ್ವದ ಸೈಟ್ 1918ರಲ್ಲಿ ಶತ್ರು ಜರ್ಮನಿಯ ಯುದ್ಧವಿಮಾನಗಳಲ್ಲಿತ್ತು! ಯುದ್ಧಾನಂತರ ಸಂಕಷ್ಟಕ್ಕೆ ಸಿಲುಕಿದ ಕಂಪನಿ 1925ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ಕೈಸೇರಿತು. 1931ರಲ್ಲಿ ಗ್ರಬ್ ನಿಧನರಾದರು. ಸ್ವೀಡನ್‌ನ ಏಮ್‌ಪಾಯಿಂಟ್ ಕಂಪನಿ ಎಲೆಕ್ಟ್ರಾನಿಕ್ ರೆಡ್ ಡಾಟ್ ಸೈಟ್ ಮಾರುಕಟ್ಟೆಗೆ ತಂದದ್ದು 1975ರಲ್ಲಿ.