ತರಗತಿಯಿಂದ ಬರ್ಲಿನ್‌ಗೆ, ಮರಳಿ ತರಗತಿಗೆ

ನಮ್ಮ ವಿಶ್ವವಿದ್ಯಾಲಯಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಒಡಂಬಡಿಕೆ ಮಾಡಿಕೊಂಡ ಸುದ್ದಿ ಆಗಾಗ ಓದುತ್ತೇವೆ. ಸಹಿ ಹಾಕುವ ಫೋಟೊ ಕೂಡ ಬರುತ್ತದೆ. ಆದರೆ ಅದರಿಂದ ಬೆಂಚಿನ ಮೇಲೆ ಕುಳಿತ ವಿದ್ಯಾರ್ಥಿಗೆ ಏನು ಸಿಕ್ಕಿತು ಎಂಬುದು ಗೊತ್ತಾಗುವುದಿಲ್ಲ. ನೂರು ವರ್ಷಗಳ ಹಿಂದೆ ಯಾವ ಒಡಂಬಡಿಕೆಯೂ ಇಲ್ಲದೆ, ಒಂದು ಪತ್ರದ ಮೂಲಕ ಜಗತ್ತಿನ ವಿಜ್ಞಾನವನ್ನು ತನ್ನ ತರಗತಿಗೆ ತಂದುಕೊಂಡ ಮೇಷ್ಟರೊಬ್ಬರಿದ್ದರು. ಅವರೇ ಸತ್ಯೇಂದ್ರನಾಥ ಬೋಸ್.

ಬೋಸ್ ಹುಟ್ಟಿದ್ದು 1894ರ ಜನವರಿ 1ರಂದು ಕಲ್ಕತ್ತಾದಲ್ಲಿ. ತಂದೆ ರೈಲ್ವೆಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅವರಂಥ ಗುರುಗಳು ಸಿಕ್ಕರು. 1915ರಲ್ಲಿ ಎಂ.ಎಸ್ಸಿ. ಪರೀಕ್ಷೆಯಲ್ಲಿ ಬೋಸ್ ಮೊದಲಿಗರಾದರೆ, ಸಹಪಾಠಿ ಮೇಘನಾದ ಸಹಾ ಎರಡನೆಯವರಾದರು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಅಶುತೋಷ್ ಮುಖರ್ಜಿ ಅವರು ಹೊಸದಾಗಿ ಕಟ್ಟುತ್ತಿದ್ದ ವಿಜ್ಞಾನ ಕಾಲೇಜಿನಲ್ಲಿ ಇಬ್ಬರಿಗೂ ಪಾಠ ಹೇಳುವ ಕೆಲಸ ಸಿಕ್ಕಿತು.

ಕೆಲಸ ಸಿಕ್ಕಿತು, ಆದರೆ ಪಾಠ ಹೇಳಲು ಪುಸ್ತಕಗಳಿರಲಿಲ್ಲ. ಆಗ ಹೊಸ ಭೌತವಿಜ್ಞಾನ ಬೆಳೆಯುತ್ತಿದ್ದದ್ದು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಯ ಪತ್ರಿಕೆಗಳು ಬರುವುದು ನಿಂತಿತ್ತು. ಶಿಬಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಬ್ರೂಲ್ ಎಂಬ ಪ್ರಾಧ್ಯಾಪಕರ ಬಳಿ ಜರ್ಮನ್ ಪುಸ್ತಕಗಳಿದ್ದವು. ಗೆಳೆಯರಿಬ್ಬರೂ ಅವನ್ನು ಎರವಲು ತಂದರು, ಭಾಷೆಯನ್ನೂ ಕಲಿತರು. 1919ರ ಸೂರ್ಯಗ್ರಹಣದ ವೀಕ್ಷಣೆಯಿಂದ ಐನ್‌ಸ್ಟೈನ್ ಹೆಸರು ಮನೆಮಾತಾಯಿತು. ಮರುವರ್ಷವೇ ಬೋಸ್ ಮತ್ತು ಸಹಾ ಮಾಡಿದ ಸಾಪೇಕ್ಷತಾ ಲೇಖನಗಳ ಇಂಗ್ಲಿಷ್ ಅನುವಾದವನ್ನು ಕಲ್ಕತ್ತಾ ವಿಶ್ವವಿದ್ಯಾಲಯ ಪುಸ್ತಕವಾಗಿ ಹೊರತಂದಿತು. ಆಗ ಇಬ್ಬರಿಗೂ ಮೂವತ್ತು ತುಂಬಿರಲಿಲ್ಲ.

1921ರಲ್ಲಿ ಹೊಸದಾಗಿ ಆರಂಭವಾದ ಢಾಕಾ ವಿಶ್ವವಿದ್ಯಾಲಯಕ್ಕೆ ಬೋಸ್ ಸೇರಿದರು. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪ್ಲಾಂಕ್ ನಿಯಮ ಕಲಿಸುವ ಜವಾಬ್ದಾರಿ ಬಂತು. ಕಾದ ವಸ್ತುವಿನಿಂದ ಹೊಮ್ಮುವ ಬೆಳಕಿನ ಹಂಚಿಕೆಯನ್ನು ಈ ಸೂತ್ರ ಸರಿಯಾಗಿ ಹೇಳುತ್ತಿತ್ತು. ಆದರೆ ಅದನ್ನು ಪಡೆಯುವ ದಾರಿಯಲ್ಲಿ ಹಳೆಯ ತರಂಗ ಸಿದ್ಧಾಂತವನ್ನೂ ಹೊಸ ಕ್ವಾಂಟಂ ಕಲ್ಪನೆಯನ್ನೂ ಒಟ್ಟಿಗೆ ಬೆರೆಸಲಾಗಿತ್ತು. ತನಗೇ ಒಪ್ಪಿಗೆಯಾಗದ್ದನ್ನು ವಿದ್ಯಾರ್ಥಿಗಳ ಮುಂದೆ ಬೋರ್ಡಿನ ಮೇಲೆ ಬರೆಯುವುದು ಬೋಸ್‌ಗೆ ಸರಿಬರಲಿಲ್ಲ. ಬೇರೆ ದಾರಿ ಹುಡುಕಿದರು.

ಆ ದಾರಿಯ ತಿರುಳನ್ನು ಎರಡು ನಾಣ್ಯಗಳಿಂದ ತಿಳಿಯಬಹುದು. ಎರಡನ್ನೂ ಚಿಮ್ಮಿದರೆ ಎರಡೂ ತಲೆ ಬೀಳಬಹುದು, ಎರಡೂ ಹೂವು ಬೀಳಬಹುದು, ಇಲ್ಲವೇ ಒಂದು ತಲೆ, ಒಂದು ಹೂವು ಬೀಳಬಹುದು. ಮೂರನೆಯದನ್ನು ನಾವು ಎರಡು ಬಗೆಯೆಂದು ಎಣಿಸುತ್ತೇವೆ, ಏಕೆಂದರೆ ಮೊದಲ ನಾಣ್ಯ ಬೇರೆ, ಎರಡನೆಯದು ಬೇರೆ. ಬೆಳಕಿನ ಕಣಗಳಲ್ಲಿ ಒಂದನ್ನು ಇನ್ನೊಂದರಿಂದ ಗುರುತಿಸಲು ಸಾಧ್ಯವೇ ಇಲ್ಲ. ಹಾಗಾಗಿ ಅದನ್ನು ಒಂದೇ ಎಂದು ಎಣಿಸಬೇಕು. ಹೀಗೆ ಎಣಿಸಿದಾಗ ಹಳೆಯ ಸಿದ್ಧಾಂತದ ಊರುಗೋಲಿಲ್ಲದೆ ಪ್ಲಾಂಕ್ ಸೂತ್ರ ಸಿಕ್ಕಿತು.

ಇಂಗ್ಲೆಂಡಿನ ಪತ್ರಿಕೆಯೊಂದಕ್ಕೆ ಕಳುಹಿಸಿದ ಲೇಖನ ಅಲ್ಲಿ ಅಚ್ಚಾಗಲಿಲ್ಲ. ಬೋಸ್ ಕೈಕಟ್ಟಿ ಕೂರಲಿಲ್ಲ. 1924ರ ಜೂನ್ 4ರಂದು ಅದನ್ನು ನೇರವಾಗಿ ಐನ್‌ಸ್ಟೈನ್‌ಗೆ ಕಳುಹಿಸಿ, ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಲು ನೆರವಾಗಬೇಕೆಂದು ಕೋರಿದರು. ಐನ್‌ಸ್ಟೈನ್ ತಾವೇ ಜರ್ಮನ್‌ಗೆ ಅನುವಾದಿಸಿ, ಮೆಚ್ಚುಗೆಯ ಟಿಪ್ಪಣಿಯೊಂದಿಗೆ ಅಚ್ಚು ಹಾಕಿಸಿದರು. ಅದೇ ಎಣಿಕೆಯನ್ನು ಅಣುಗಳಿಗೂ ವಿಸ್ತರಿಸಿದರು. ನಾಲ್ಕು ಪುಟಗಳ ಆ ಲೇಖನದಿಂದ ಬೋಸ್-ಐನ್‌ಸ್ಟೈನ್ ಸಂಖ್ಯಾಶಾಸ್ತ್ರ ಹುಟ್ಟಿತು.

ಐನ್‌ಸ್ಟೈನ್ ಬರೆದ ಒಂದು ಪೋಸ್ಟ್‌ಕಾರ್ಡ್ ನೋಡಿದ ಮೇಲೆ ವಿಶ್ವವಿದ್ಯಾಲಯ ಬೋಸ್‌ಗೆ ಎರಡು ವರ್ಷದ ಅಧ್ಯಯನ ರಜೆ ಕೊಟ್ಟಿತು. ಪ್ಯಾರಿಸ್‌ನಲ್ಲಿ ಮೇರಿ ಕ್ಯೂರಿ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ಮೌರಿಸ್ ಡಿ ಬ್ರಾಯ್ ಅವರ ಬಳಿ ಎಕ್ಸ್-ರೇ ತಂತ್ರಗಳನ್ನು ಕಲಿತರು. 1925ರಲ್ಲಿ ಬರ್ಲಿನ್‌ಗೆ ಹೋಗಿ ಐನ್‌ಸ್ಟೈನ್ ಅವರನ್ನು ಕಂಡರು. ಕ್ವಾಂಟಂ ವಿಜ್ಞಾನ ಹೊಸ ರೂಪ ಪಡೆಯುತ್ತಿದ್ದ ದಿನಗಳವು. ಅಲ್ಲಿನ ವಿಜ್ಞಾನಿಗಳ ಚರ್ಚೆಗಳನ್ನು ಬೋಸ್ ಹತ್ತಿರದಿಂದಲೇ ಕಂಡರು.

1926ರಲ್ಲಿ ಅವರು ಢಾಕಾಕ್ಕೆ ಮರಳಿದರು. ಪಿಎಚ್.ಡಿ. ಇಲ್ಲದಿದ್ದರೂ ಐನ್‌ಸ್ಟೈನ್ ಶಿಫಾರಸಿನ ಬಲವೂ ಸೇರಿ, ಮರುವರ್ಷ ಪ್ರಾಧ್ಯಾಪಕರಾದರು. ಕಲಿತದ್ದನ್ನು ಗಂಟು ಕಟ್ಟಿ ಇಡಲಿಲ್ಲ. ಎಕ್ಸ್-ರೇಯಿಂದ ಹರಳುಗಳ ರಚನೆ ತಿಳಿಯುವ ಪ್ರಯೋಗಾಲಯ ಕಟ್ಟಿದರು. ಬೇಕಾದ ಉಪಕರಣಗಳಲ್ಲಿ ಹಲವನ್ನು ಅಲ್ಲಿಯೇ ಮಾಡಿಸಿದರು. ರಾಮನ್ ಅವರ ಸಹೋದ್ಯೋಗಿಯಾಗಿದ್ದ ಕೆ.ಎಸ್. ಕೃಷ್ಣನ್ 1928ರ ಕೊನೆಗೆ ಢಾಕಾ ಸೇರಿ, ಹರಳುಗಳ ಕಾಂತೀಯ ಗುಣಗಳ ಬಗ್ಗೆ ಹೆಸರುವಾಸಿಯಾದ ಸಂಶೋಧನೆಯನ್ನು ಅಲ್ಲಿ ಶುರುಮಾಡಿದರು. ಬೋಸ್ ಆಮೇಲೆ ಪ್ರಕಟಿಸಿದ ಲೇಖನಗಳು ಕಡಿಮೆ ಎಂದು ಹೇಳುವವರಿದ್ದಾರೆ. ಅದು ನಿಜ. ಆದರೆ ಲೇಖನಗಳ ಪಟ್ಟಿಯಲ್ಲಿ ಕಾಣದ ಕೆಲಸ ವಿದ್ಯಾರ್ಥಿಗಳ ಕೈಯಲ್ಲಿ, ಪ್ರಯೋಗಾಲಯದ ಮೇಜಿನ ಮೇಲೆ ನಡೆಯುತ್ತಿತ್ತು.

1945ರಲ್ಲಿ ಕಲ್ಕತ್ತಾಕ್ಕೆ ಹಿಂತಿರುಗಿದ ಮೇಲೆ ಅವರ ಗಮನ ಮಾತೃಭಾಷೆಯ ಕಡೆ ಹರಿಯಿತು. ಬಂಗಾಳಿಯಲ್ಲಿ ವಿಜ್ಞಾನ ಹೇಳಲು 1948ರಲ್ಲಿ ವಂಗೀಯ ವಿಜ್ಞಾನ ಪರಿಷತ್ತು ಕಟ್ಟಿ, ಪತ್ರಿಕೆ ಹೊರಡಿಸಿದರು. ಜರ್ಮನ್, ಫ್ರೆಂಚ್ ಕಲಿತ ಮನುಷ್ಯನಿಗೆ ತನ್ನ ಊರಿನ ಹುಡುಗರಿಗೂ ಅದು ಅರ್ಥವಾಗಬೇಕೆಂಬ ಹಂಬಲವಿತ್ತು. 1954ರಲ್ಲಿ ಪದ್ಮವಿಭೂಷಣ, 1958ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಬಂದವು. ನೊಬೆಲ್ ಬರಲಿಲ್ಲ. 1974ರ ಫೆಬ್ರುವರಿ 4ರಂದು ಅವರು ತೀರಿಕೊಂಡರು. ಬೋಸ್ ಮತ್ತು ಐನ್‌ಸ್ಟೈನ್ ಹೆಸರು ಹೊತ್ತ ವಸ್ತುವಿನ ಹೊಸ ಸ್ಥಿತಿಯನ್ನು 1995ರಲ್ಲಿ ಅಮೆರಿಕದಲ್ಲಿ ಸೃಷ್ಟಿಸಿದವರಿಗೆ 2001ರಲ್ಲಿ ನೊಬೆಲ್ ಬಂತು. ಬೋಸಾನ್ ಎಂಬ ಕಣಗಳ ಗುಂಪಂತೂ ಅವರ ಹೆಸರನ್ನು ಹೊತ್ತೇ ನಿಂತಿದೆ.

ಈ ಬದುಕಿನಿಂದ ನಾವು ಕಲಿಯುವುದೇನು? ವಿದೇಶದ ನಂಟು ತಾನಾಗಿಯೇ ಪಾಠವನ್ನು ಬಲಪಡಿಸುವುದಿಲ್ಲ. ಬೋಸ್ ಬಳಿ ಮೊದಲು ತರಗತಿಯಲ್ಲಿ ಹುಟ್ಟಿದ ಒಂದು ಪ್ರಶ್ನೆಯಿತ್ತು, ಅದರ ಬಗ್ಗೆ ಮಾಡಿದ ಸ್ವಂತ ಕೆಲಸವಿತ್ತು. ಅದನ್ನು ಮುಂದಿಟ್ಟು ಬಾಗಿಲು ತಟ್ಟಿದರು, ಕಲಿತದ್ದನ್ನು ಮರಳಿ ತರಗತಿಗೇ ತಂದರು. ಇಂದು ಪತ್ರ ತಲುಪಲು ವಾರಗಟ್ಟಲೆ ಕಾಯಬೇಕಿಲ್ಲ, ಮೂಲ ಲೇಖನಗಳೂ ಬೆರಳ ತುದಿಯಲ್ಲಿವೆ. ನೋಟ್ಸ್‌ನಲ್ಲಿರುವ ಸೂತ್ರ ಬಾಯಿಪಾಠ ಮಾಡುವ ಮುನ್ನ, ಇದು ಹೀಗೇ ಏಕೆ ಎಂದು ಮೇಷ್ಟ್ರನ್ನು ಒಮ್ಮೆ ಕೇಳೋಣ. ಉತ್ತರ ಸಿಗದಿದ್ದರೆ ಅವರ ಜೊತೆ ಕೂತು ಹುಡುಕೋಣ. ಜಗತ್ತಿಗೆ ಬರೆಯುವ ಪತ್ರ ಅಲ್ಲಿಂದ ಶುರುವಾಗಲಿ.