ಬಾರ್ಫರ್ಡ್ ಗ್ರಾಮದ ಜೋಸೆಫ್ ಆರ್ಚನ ಚರಿತ್ರೆ

ಇಂಗ್ಲೆಂಡ್ ದೇಶವೆಂದೊಡನೆ ನಮ್ಮಲ್ಲಿ ಅನೇಕರು ಅರಮನೆಗಳನ್ನೂ ಹಡಗುಗಳನ್ನೂ ದೊಡ್ಡ ಕಾರ್ಖಾನೆಗಳನ್ನೂ ನೆನಸಿಕೊಳ್ಳುವದುಂಟು. ಆದರೆ ಆ ದೇಶದಲ್ಲಿಯೂ ಹೊಲಗೆಲಸದಿಂದಲೇ ಜೀವಿಸುವ ಹಳ್ಳಿಗಳಿದ್ದವು. ಅಲ್ಲಿಯೂ ಕೂಲಿಯವನು ಹೊತ್ತು ಮೂಡುವ ಮುಂಚೆ ಎದ್ದು, ಪರರ ಹೊಲದಲ್ಲಿ ದುಡಿದು, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದನು. ಧಣಿಯ ಮುಂದೆ ತಲೆ ಬಾಗಿಸಿ ನಿಲ್ಲುತ್ತಿದ್ದನು. ಅಂಥ ಕೂಲಿಯವರ ಮಧ್ಯದಲ್ಲಿ ಹುಟ್ಟಿ, ತನ್ನವರನ್ನು ನೆಟ್ಟಗೆ ನಿಲ್ಲಿಸಲು ಪ್ರಯಾಸಪಟ್ಟ ಒಬ್ಬ ಮನುಷ್ಯನ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಇಂಗ್ಲೆಂಡಿನ ನಡುಭಾಗದಲ್ಲಿ ವಾರಿಕ್‌ಷೈರ್ ಎಂಬ ಸೀಮೆಯುಂಟು. ಅಲ್ಲಿ ಏವನ್ ನದಿಯ ದಡದಲ್ಲಿರುವ ಬಾರ್ಫರ್ಡ್ ಎಂಬ ಗ್ರಾಮದಲ್ಲಿ ಜೋಸೆಫ್ ಆರ್ಚನು 1826ನೆಯ ಇಸವಿ ನವೆಂಬರ್ 10ರಂದು ಹುಟ್ಟಿದನು. ಆ ಕಾಲಕ್ಕೆ ಇಂಗ್ಲೆಂಡಿನ ಹಳ್ಳಿಗಳ ಸ್ಥಿತಿಯು ಬಹಳವಾಗಿ ಮಾರ್ಪಟ್ಟಿತ್ತು. ಮುಂಚೆ ಬಡವನಿಗೂ ದನ ಮೇಯಿಸುವದಕ್ಕೆ ಗೋಮಾಳವೂ ಸೌದೆ ತರುವದಕ್ಕೆ ಬಂಜರು ಭೂಮಿಯೂ ಇದ್ದವು. 1750ರಿಂದ 1850ರ ವರೆಗೆ ಪಾರ್ಲಿಮೆಂಟು ಮಾಡಿದ ಸಾವಿರಾರು ಕಾಯಿದೆಗಳ ಮೂಲಕ ಇಂಥ ಭೂಮಿಗಳಿಗೆ ಬೇಲಿ ಹಾಕಿ ಒಡೆಯರಿಗೆ ಹಂಚಿಕೊಟ್ಟರು. ಬಡವನಿಗೆ ತನ್ನ ಎರಡು ಕೈಗಳಲ್ಲದೆ ಬೇರೇನೂ ಉಳಿಯಲಿಲ್ಲ. ಅನೇಕರು ವಾಸವಾಗಿದ್ದ ಗುಡಿಸಲು ಸಹ ಧಣಿಯದೇ ಆಗಿತ್ತು. ಎದುರು ಮಾತನಾಡಿದರೆ ಕೆಲಸವೂ ಹೋಗುವದು, ಮನೆಯೂ ಹೋಗುವದು.

ಆರ್ಚನ ತಂದೆ ಕುರಿ ಕಾಯುವವನು. ಶಾಂತ ಸ್ವಭಾವದ ದುಡಿಮೆಗಾರ. ತಾಯಿಯು ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದಳು. ಆಕೆಯು ಗಟ್ಟಿ ಮನಸ್ಸಿನವಳು, ಓದಬಲ್ಲವಳು. ಭಾನುವಾರದ ಸಾಯಂಕಾಲಗಳಲ್ಲಿ ಮಗನಿಗೆ ಸತ್ಯವೇದವನ್ನು ಓದಿ ಹೇಳುತ್ತಿದ್ದಳು. ಇವರಿದ್ದ ಚಿಕ್ಕ ಮನೆಯು ಹಿರಿಯರ ಕಾಲದಿಂದ ಸ್ವಂತವಾಗಿತ್ತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರಿಂದ ಬಹು ಪ್ರಯೋಜನವಾಯಿತು.

ಜೋಸೆಫನು ಸುಮಾರು ಏಳು ವರುಷದವನಾಗಿದ್ದಾಗ ಅವನ ಮನಸ್ಸಿನಲ್ಲಿ ಅಳಿಯದೆ ಉಳಿದ ಒಂದು ಕಾರ್ಯ ನಡೆಯಿತು. ಗ್ರಾಮದ ದೇವಾಲಯದಲ್ಲಿ ಕರ್ತನ ಭೋಜನದ ದಿನ ಆರಾಧನೆಯಾದ ಮೇಲೆ ಮಕ್ಕಳನ್ನು ಹೊರಗೆ ಕಳುಹಿಸಿ ಬಾಗಿಲು ಮುಚ್ಚುತ್ತಿದ್ದರು. ತಂದೆಯು ಒಳಗೆ ಏನು ಮಾಡುತ್ತಾನೆಂದು ತಿಳಿಯಬೇಕೆಂದು ಹುಡುಗನು ಬೀಗದ ತೂತಿನಲ್ಲಿ ಕಣ್ಣಿಟ್ಟು ನೋಡಿದನು. ಮೊದಲು ಜಮೀನ್ದಾರನು ಎದ್ದು ಪಂಕ್ತಿಯ ಬಳಿಗೆ ಹೋದನು. ಅವನ ತರುವಾಯ ದೊಡ್ಡ ಸಾಗುವಳಿದಾರರು. ಬಳಿಕ ಅಂಗಡಿಯವರು, ಬಡಗಿ, ಕಮ್ಮಾರ. ಎಲ್ಲರೂ ತೀರಿದ ಮೇಲೆ ಕಟ್ಟಕಡೆಗೆ ಕೂಲಿಯವರು ತಮ್ಮ ದಪ್ಪ ನಿಲುವಂಗಿಗಳಲ್ಲಿ ಹೋದರು. ಅವರೊಡನೆ ಬೇರೆ ಯಾರೂ ಮೊಣಕಾಲೂರಲಿಲ್ಲ. ತನ್ನ ತಂದೆಯು ಆ ಕಡೆಯವರಲ್ಲಿ ಇದ್ದದ್ದನ್ನು ಹುಡುಗನು ಕಂಡನು. ದೇವರ ಸನ್ನಿಧಿಯಲ್ಲಿಯೂ ಹೀಗಾಗಬೇಕೇ ಎಂಬ ವ್ಯಥೆಯು ಅವನಲ್ಲಿ ಮುಳ್ಳಿನಂತೆ ನೆಟ್ಟಿತು. ತಾನು ದೊಡ್ಡವನಾದ ಮೇಲೆ ಅಂಥ ಸಾಲಿನಲ್ಲಿ ನಿಲ್ಲಲಾರೆನೆಂದು ಅಂದೇ ನಿಶ್ಚಯಿಸಿಕೊಂಡನು.

ಪಾದ್ರಿಯ ಪತ್ನಿಯು ಆ ಊರಿನಲ್ಲಿ ಬಹಳ ಅಧಿಕಾರ ನಡಿಸುತ್ತಿದ್ದಳು. ಬಡ ಹೆಂಗಸರು ದೇವಾಲಯದಲ್ಲಿ ಆಕೆಯ ಮುಂದೆ ಮೊಣಕಾಲು ಬಗ್ಗಿಸಿ ವಂದಿಸಿದ ಮೇಲೆಯೇ ಕುಳಿತುಕೊಳ್ಳಬೇಕಾಗಿತ್ತು. ಶಾಲೆಗೆ ಹೋಗುವ ಬಡ ಹುಡುಗಿಯರೆಲ್ಲರೂ ತಲೆಗೂದಲನ್ನು ಮೋಟಾಗಿ ಕತ್ತರಿಸಿಕೊಳ್ಳಬೇಕೆಂದು ಆಕೆಯು ಅಪ್ಪಣೆ ಮಾಡಿದಾಗ ಜೋಸೆಫನ ತಾಯಿಯು ತನ್ನ ಹೆಣ್ಣುಮಕ್ಕಳ ಕೂದಲಿಗೆ ಕತ್ತರಿ ಮುಟ್ಟಿಸಲಿಲ್ಲ. ತಂದೆಯೂ ಒಂದು ಸಾರಿ ಅಂಥ ಧೈರ್ಯವನ್ನೇ ತೋರಿಸಿದನು. ಪರದೇಶದ ಧಾನ್ಯದ ಮೇಲೆ ಸುಂಕ ಹೇರಿ ರೊಟ್ಟಿಯ ಬೆಲೆಯನ್ನು ಏರಿಸಿದ್ದ ಕಾಯಿದೆಯು ಉಳಿಯಬೇಕೆಂದು 1835ರಲ್ಲಿ ಧಣಿಗಳು ಒಂದು ಅರ್ಜಿ ಬರೆಸಿ ಕೂಲಿಯವರ ರುಜು ಕೇಳಿದರು. ಅವನು ರುಜು ಹಾಕಲಿಲ್ಲ. ಆದಕಾರಣ 18 ವಾರಗಳ ವರೆಗೆ ಅವನಿಗೆ ಯಾರೂ ಕೆಲಸ ಕೊಡಲಿಲ್ಲ. ಆ ಚಳಿಗಾಲದಲ್ಲಿ ತಾಯಿಯು ಬಟ್ಟೆ ಒಗೆದು ಸಂಪಾದಿಸಿದ ಕಾಸಿನಿಂದಲೂ ಜವೆಯ ರೊಟ್ಟಿಯಿಂದಲೂ ಮನೆಯವರು ಜೀವ ಹಿಡಿದರು.

ಜೋಸೆಫನ ಶಾಲೆಯು ಮೂರೇ ವರುಷಕ್ಕೆ ಮುಗಿಯಿತು. ಒಂಭತ್ತನೆಯ ವಯಸ್ಸಿನಲ್ಲಿ ಅವನನ್ನು ಬಿತ್ತಿದ ಹೊಲದಿಂದ ಕಾಗೆ ಓಡಿಸುವ ಕೆಲಸಕ್ಕೆ ಹಚ್ಚಿದರು. ದಿನಕ್ಕೆ 12 ತಾಸು ಹೊಲದಲ್ಲಿ ಕೂಗುತ್ತಾ ತಿರುಗಿದರೆ 4 ಪೆನ್ನಿ ಕೂಲಿ ಸಿಕ್ಕುತ್ತಿತ್ತು; 12 ಪೆನ್ನಿ ಕೂಡಿದರೆ ಒಂದು ಷಿಲಿಂಗ್. ಬಳಿಕ ನೇಗಿಲಿನ ಕುದುರೆಗಳನ್ನು ನಡಿಸುವವನಾದನು. ರಾತ್ರಿಯಲ್ಲಿ ದೀಪದ ಬೆಳಕಿನಲ್ಲಿ ಓದುವದನ್ನು ಮಾತ್ರ ಬಿಡಲಿಲ್ಲ. 1842ರಲ್ಲಿ ತಾಯಿಯು ತೀರಿಕೊಂಡಳು.

ಯೌವನದಲ್ಲಿ ಆರ್ಚನು ಬೇಲಿ ಹೆಣೆಯುವ ಕೆಲಸವನ್ನು ಕಲಿತನು. ಆ ದೇಶದ ಬೇಲಿಯು ನಮ್ಮ ಮುಳ್ಳುಬೇಲಿಯಂತಲ್ಲ. ಬೆಳೆದ ಗಿಡದ ಕಾಂಡವನ್ನು ಬುಡದಲ್ಲಿ ಪೂರ್ತಿ ಕತ್ತರಿಸದೆ, ಸ್ವಲ್ಪ ಭಾಗ ಉಳಿಸಿ, ಓರೆಯಾಗಿ ಬಾಗಿಸಿ ಗೂಟಗಳ ನಡುವೆ ಹೆಣೆಯುತ್ತಾರೆ; ಉಳಿದ ತೊಗಟೆಯಿಂದಲೇ ಗಿಡವು ಜೀವಿಸಿ ಮತ್ತೆ ಚಿಗುರುವದು. ಈ ಕೆಲಸದಲ್ಲಿ ಅವನು ಪಂದ್ಯಗಳನ್ನು ಗೆದ್ದು ಇಂಗ್ಲೆಂಡಿನಲ್ಲಿಯೇ ಮೊದಲನೆಯವನೆಂಬ ಹೆಸರು ಪಡೆದನು. 1847ರಲ್ಲಿ ಅವನಿಗೆ ಮೇರಿ ಆನ್ ಎಂಬಾಕೆಯೊಡನೆ ಮದುವೆಯಾಯಿತು. ಏಳು ಮಕ್ಕಳು ಹುಟ್ಟಿದರು. ಊರಿನ ಕೂಲಿಯಿಂದ ಮಕ್ಕಳನ್ನು ಸಾಕುವದಾಗದೆಂದು ಹೆಂಡತಿಯೇ ಅವನನ್ನು ಹೊರಗೆ ಹೋಗುವಂತೆ ಒತ್ತಾಯಪಡಿಸಿದಳು. ಅವನು ಬೇಲಿಯ ಕೆಲಸವನ್ನೂ ಹುಲ್ಲು ಕೊಯ್ಯುವ ಕೆಲಸವನ್ನೂ ಗುತ್ತಿಗೆ ಹಿಡಿದು ವೇಲ್ಸ್ ದೇಶದ ವರೆಗೂ ತಿರುಗಿ, ಅನೇಕ ಹಳ್ಳಿಗಳ ಬಡತನವನ್ನು ಕಣ್ಣಾರೆ ಕಂಡನು. ಇದರೊಂದಿಗೆ ಪ್ರಿಮಿಟಿವ್ ಮೆಥಡಿಸ್ಟ್ ಸಭೆಯನ್ನು ಸೇರಿ ಸಂಬಳವಿಲ್ಲದ ಉಪದೇಶಿಯಾದನು. ಕೂಲಿಯವರ ಮಾತಿನಲ್ಲಿಯೇ ಕೂಲಿಯವರೊಡನೆ ಮಾತನಾಡುವ ಅಭ್ಯಾಸವು ಅವನಿಗೆ ಆ ಸಣ್ಣ ಪ್ರಾರ್ಥನಾಮಂದಿರಗಳಲ್ಲಿಯೇ ಉಂಟಾಯಿತು.

ಮುಪ್ಪಿನ ತಂದೆಯು ಕಾಯಿಲೆ ಬಿದ್ದಾಗ ಆರ್ಚನು ಅವನ ಶುಶ್ರೂಷೆಗಾಗಿ ಧರ್ಮನಿಧಿಯ ಅಧಿಕಾರಿಗಳಿಂದ ಅಲ್ಪ ಸಹಾಯವನ್ನು ಬೇಡಿದನು. ಅವರು ಕೊಡಲಿಲ್ಲ, ಮುದುಕನನ್ನು ಬಡವರ ಮನೆಗೆ ಒಪ್ಪಿಸಬಹುದೆಂದರು. 1834ರ ಕಾಯಿದೆಯ ಪ್ರಕಾರ ನಡೆಯುತ್ತಿದ್ದ ಆ ಮನೆಗಳಲ್ಲಿ ಗಂಡನನ್ನು ಹೆಂಡತಿಯಿಂದಲೂ ಮಕ್ಕಳನ್ನು ತಾಯಿತಂದೆಗಳಿಂದಲೂ ಅಗಲಿಸಿ ಇಡುತ್ತಿದ್ದರು. ಆರ್ಚನು ಅದಕ್ಕೆ ಸಮ್ಮತಿಸದೆ ತಂದೆಯನ್ನು ಕಡೆಯ ವರೆಗೆ ಮನೆಯಲ್ಲಿಯೇ ಸಾಕಿದನು.

ಹೀಗಿರಲಾಗಿ 1872ನೆಯ ಇಸವಿ ಫೆಬ್ರವರಿ 7ರಂದು ನೆರೆಯ ವೆಲ್ಸ್‌ಬೋರ್ನ್ ಗ್ರಾಮದಿಂದ ಕೆಲವು ಕೂಲಿಯವರು ಅವನ ಮನೆಗೆ ಬಂದು, ತಾವು ಒಂದು ಸಂಘ ಕಟ್ಟಬೇಕೆಂದಿರುವದರಿಂದ ಬಂದು ಮಾತನಾಡಬೇಕೆಂದು ಬೇಡಿಕೊಂಡರು. ಆಗ ಆ ಸೀಮೆಯಲ್ಲಿ ವಾರದ ಕೂಲಿಯು ಸುಮಾರು 12 ಷಿಲಿಂಗ್ ಮಾತ್ರ. ಆ ರಾತ್ರಿ ಮೂವತ್ತು ನಾಲ್ವತ್ತು ಮಂದಿ ಕೂಡಿಬಂದಾರೆಂದು ಆರ್ಚನು ನೆನಸಿಹೋದನು. ಅಲ್ಲಿ ದೊಡ್ಡದೊಂದು ಚೆಸ್ಟ್‌ನಟ್ ಮರದ ಕೆಳಗೆ ನೂರಾರು ಜನರು ಕತ್ತಲಲ್ಲಿ ಕಾದು ನಿಂತಿದ್ದರು. ಕೋಲುಗಳಿಗೆ ಲಾಂದ್ರಗಳನ್ನು ತೂಗಹಾಕಿದ್ದರು. ಹಂದಿ ಕೊಯ್ಯುವ ಮಣೆಯ ಮೇಲೆ ನಿಂತು ಅವನು ಒಂದು ತಾಸು ಮಾತನಾಡಿದನು. ಆ ಮುಖಗಳನ್ನು ನೋಡಿದಾಗ ಐಗುಪ್ತದಿಂದ ಬಿಡುಗಡೆಯಾಗಬೇಕಾದ ಇಸ್ರಾಯೇಲ್ಯರು ಅವನ ನೆನಪಿಗೆ ಬಂದರಂತೆ.

ಮಾರ್ಚಿಯಲ್ಲಿ ವೆಲ್ಸ್‌ಬೋರ್ನಿನ ಕೂಲಿಯವರು ವಾರಕ್ಕೆ 16 ಷಿಲಿಂಗ್ ಕೇಳಿ ಕೆಲಸ ನಿಲ್ಲಿಸಿದರು. ಧಣಿಯ ಗುಡಿಸಲಲ್ಲಿದ್ದವರಿಗೆ ಮನೆ ಬಿಡುವ ಅಪ್ಪಣೆ ಬಂತು. ಆರ್ಚನಿಗಾದರೋ ಸ್ವಂತ ಮನೆಯೂ ಸ್ವಂತ ಕಸುಬೂ ಇದ್ದದರಿಂದ ಯಾರೂ ಅವನ ಬಾಯಿ ಕಟ್ಟಲಾರದೆ ಹೋದರು. ಅದೇ ವರುಷ ಮೇ 29ರಂದು ಲೆಮಿಂಗ್ಟನ್ ಪಟ್ಟಣದಲ್ಲಿ ಹೊಲಗೆಲಸಗಾರರ ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ಆರ್ಚನು ಅದರ ಅಧ್ಯಕ್ಷನಾದನು. ಎರಡು ವರುಷಗಳಲ್ಲಿ ಸುಮಾರು 86,000 ಮಂದಿ ಅದನ್ನು ಸೇರಿದರು. ಸಂಘದ ಕೂಟಗಳಲ್ಲಿ ಪ್ರಾರ್ಥನಾಮಂದಿರದ ರಾಗಗಳಿಗೆ ಕೂಲಿಯವರ ಹಾಡುಗಳನ್ನು ಹೊಂದಿಸಿ ಹಾಡುತ್ತಿದ್ದರು. ಅನೇಕ ಸೀಮೆಗಳಲ್ಲಿ ಕೂಲಿಯು ಏರಿತು. 1873ರಲ್ಲಿ ಅವನು ಕೆನಡಾ ದೇಶಕ್ಕೆ ಹೋಗಿ, ಬಡವರು ಅಲ್ಲಿ ನೆಲೆಸಬಹುದೋ ಎಂದು ನೋಡಿಬಂದನು.

ಈ ಕಾರ್ಯದಲ್ಲಿ ಹೆಂಗಸರೂ ಕಷ್ಟವನ್ನು ಸಹಿಸಿದರು. 1873ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡ್‌ಷೈರಿನ ಆಸ್ಕಟ್ ಗ್ರಾಮದಲ್ಲಿ ಕೆಲಸ ನಿಂತಾಗ, ಹೊರಗಿನಿಂದ ಬಂದ ಇಬ್ಬರು ಹುಡುಗರನ್ನು ಹೊಲಕ್ಕೆ ಹೋಗದಂತೆ ತಡೆದರೆಂಬ ತಪ್ಪಿಗಾಗಿ 16 ಮಂದಿ ಹೆಂಗಸರಿಗೆ ಕಠಿಣ ಸೆರೆಮನೆಯ ಶಿಕ್ಷೆಯಾಯಿತು. ಕೆಲವರ ಕಂಕುಳಲ್ಲಿ ಮೊಲೆಗೂಸುಗಳಿದ್ದವು. ತೀರ್ಪು ಕೊಟ್ಟ ಇಬ್ಬರು ನ್ಯಾಯಾಧಿಪತಿಗಳೂ ಪಾದ್ರಿಗಳಾಗಿದ್ದರೆಂದು ಹೇಳುವದಕ್ಕೆ ನಮಗೆ ದುಃಖವಾಗುತ್ತದೆ. ಆದರೂ ನಡೆದದ್ದನ್ನು ಮರೆಮಾಡುವದು ಸರಿಯಲ್ಲ.

1874ರಲ್ಲಿ ಸಫಕ್ ಮುಂತಾದ ಪೂರ್ವ ಸೀಮೆಗಳಲ್ಲಿ ಕೂಲಿಯವರು ವಾರಕ್ಕೆ ಒಂದೇ ಷಿಲಿಂಗ್ ಹೆಚ್ಚು ಕೇಳಿದರು. ಸಾಗುವಳಿದಾರರು ಒಟ್ಟುಗೂಡಿ, ಸಂಘದವರಾದ ಸಾವಿರಾರು ಮಂದಿಯನ್ನು ಕೆಲಸದಿಂದ ಹೊರಗೆ ಹಾಕಿದರು. ಕೆಲವು ತಿಂಗಳು ಸಂಘವು ಅವರನ್ನು ಪೋಷಿಸಿತು. ಹಣವು ತೀರಿಹೋಗಲು ಜುಲೈಯಲ್ಲಿ ಕೈಬಿಡಬೇಕಾಯಿತು. ಆ ಮೇಲೆ ಸಂಘವು ಕ್ರಮೇಣ ಕುಗ್ಗಿತು. ನಾಯಕರಲ್ಲಿ ಜಗಳಗಳೂ ಹುಟ್ಟಿದವು. ಆರ್ಚನು ಎದುರು ಮಾತನ್ನು ಸಹಿಸದ ಸ್ವಭಾವದವನಾಗಿದ್ದದರಿಂದ ಅವುಗಳಲ್ಲಿ ಅವನ ಪಾಲೂ ಇತ್ತು.

ಆದರೂ ಬಿತ್ತಿದ ಬೀಜವು ಸಾಯಲಿಲ್ಲ. ಹಳ್ಳಿಯ ಕೂಲಿಯವರಿಗೂ ಮತ ಬೇಕೆಂದು ಅವನು ಊರೂರಿಗೆ ಹೋಗಿ ಹೇಳುತ್ತಾ ಬಂದನು. 1884ರ ಕಾಯಿದೆಯಿಂದ ಗ್ರಾಮದ ಮನೆಯೊಕ್ಕಲುಗಳಾದ ಗಂಡಸರಿಗೆ ಆ ಹಕ್ಕು ದೊರಕಿತು. ಮರುವರುಷವೇ ವಾಯವ್ಯ ನಾರ್ಫಕ್ ಸೀಮೆಯವರು ಆರ್ಚನನ್ನು ಪಾರ್ಲಿಮೆಂಟಿಗೆ ಆರಿಸಿ ಕಳುಹಿಸಿದರು. ಹೊಲಗೆಲಸದ ಕೂಲಿಯವರೊಳಗಿಂದ ಅಲ್ಲಿ ಕುಳಿತವರಲ್ಲಿ ಅವನೇ ಮೊದಲಿಗನು. ಯುವರಾಜನ ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯೂ ಆ ಸೀಮೆಯಲ್ಲಿಯೇ ಇತ್ತು. ಕಾಗೆ ಓಡಿಸಿದ ಹುಡುಗನು ಈಗ ಅರಮನೆಗೂ ಗುಡಿಸಲಿಗೂ ಪ್ರತಿನಿಧಿಯಾದನು. 1886ರಲ್ಲಿ ಸೋತು, 1892ರಲ್ಲಿ ಮತ್ತೆ ಗೆದ್ದು, 1900ರ ವರೆಗೆ ಅಲ್ಲಿದ್ದನು. 1898ರಲ್ಲಿ ತನ್ನ ಜೀವನವೃತ್ತಾಂತವನ್ನು ಪುಸ್ತಕವಾಗಿ ಹೊರಡಿಸಿದನು; ಆ ಕಾಲದ ಇಂಗ್ಲಿಷ್ ಹಳ್ಳಿಗಳಲ್ಲಿ ಬಡವರು ಹೇಗೆ ಬಾಳಿದರೆಂಬದಕ್ಕೆ ಅದು ಬಡವನೇ ಕೊಟ್ಟ ಸಾಕ್ಷಿಯಾಗಿ ಉಳಿದಿದೆ. 1919ನೆಯ ಇಸವಿ ಫೆಬ್ರವರಿ 12ರಂದು, 92 ವರುಷದವನಾಗಿ, ಬಾರ್ಫರ್ಡಿನ ಅದೇ ಚಿಕ್ಕ ಮನೆಯಲ್ಲಿ ಪ್ರಾಣ ಬಿಟ್ಟನು.

ಪ್ರಿಯರೇ, ಈ ಚರಿತ್ರೆಯಲ್ಲಿ ನಾವು ಎರಡು ಸಂಗತಿಗಳನ್ನು ಗಮನಿಸುತ್ತೇವೆ. ಮೊದಲನೆಯದು: ಧೈರ್ಯಕ್ಕೆ ನಿಲ್ಲುವ ನೆಲ ಬೇಕು. ಆರ್ಚನಿಗೆ ಸಣ್ಣದಾದರೂ ಸ್ವಂತ ಮನೆ ಇತ್ತು, ಕೈಯಲ್ಲಿ ಕಸುಬಿತ್ತು, ಓದು ಇತ್ತು, ತಾಯಿಯ ಬೋಧನೆ ಇತ್ತು. ಇವು ಇಲ್ಲದ ನೆರೆಯವರಿಗೆ ಬಾಯಿ ತೆರೆಯುವದು ಎಷ್ಟು ಕಷ್ಟವಾಗಿತ್ತೆಂದು ಅವನು ಮರೆಯಲಿಲ್ಲ, ಅವರಿಗಾಗಿಯೇ ಮಾತನಾಡಿದನು. ಸಾಲದಲ್ಲಿ ಮನೆಯನ್ನು ಕಳಕೊಳ್ಳುವವರೂ, ಮಗುವನ್ನು ಶಾಲೆ ಬಿಡಿಸುವವರೂ ಇದನ್ನು ಆಲೋಚಿಸಲಿ.

ಎರಡನೆಯದು ನಮಗೆ ಇನ್ನೂ ಹತ್ತಿರವಾದದ್ದು. ಏಳು ವರುಷದ ಹುಡುಗನನ್ನು ನೋಯಿಸಿದ್ದು ಹಸಿವೂ ಅಲ್ಲ, ಹರಕು ಬಟ್ಟೆಯೂ ಅಲ್ಲ; ಕರ್ತನ ಪಂಕ್ತಿಯಲ್ಲಿ ಜಮೀನ್ದಾರನಿಗೆ ಒಂದು ಸರದಿ, ಕೂಲಿಯವನಿಗೆ ಇನ್ನೊಂದು ಸರದಿ ಎಂಬ ಏರ್ಪಾಡೇ. ಅದನ್ನು ನಡಿಸಿದವರು ತಾವು ಕೆಟ್ಟದ್ದನ್ನು ಮಾಡುತ್ತೇವೆಂದು ಎಣಿಸಿರಲಿಲ್ಲ; ಹಿಂದಿನಿಂದ ಬಂದ ಪದ್ಧತಿಯೆಂದು ನಡಿಸಿದರು. ಪದ್ಧತಿಯು ಸಭೆಯ ಹಿರಿಯರಿಗೆ ಕಾಣದಿದ್ದರೂ ಮಕ್ಕಳಿಗೆ ಕಾಣುವದು. ನಮ್ಮ ಸಭೆಗಳಲ್ಲಿ ಚಾಪೆ ಹಾಸುವಾಗಲೂ, ಮದುವೆಯ ಊಟಕ್ಕೆ ಕುಳ್ಳಿರಿಸುವಾಗಲೂ, ಪಾತ್ರೆಯನ್ನು ಕೈಯಿಂದ ಕೈಗೆ ಕೊಡುವಾಗಲೂ ಯಾರು ಮೊದಲು ಯಾರು ಕಡೆಗೆ ಎಂಬ ಹಳೆಯ ಎಣಿಕೆ ಉಳಿದಿದ್ದರೆ, ಹಿರಿಯರು ಮುಂದಿನ ಕರ್ತನ ಭೋಜನದ ಭಾನುವಾರದೊಳಗಾಗಿ ಕೂಡಿ ಮಾತನಾಡಿ ಅದನ್ನು ತೆಗೆದುಹಾಕಲಿ.